ವ್ಯಾಧನ ಲೆಕ್ಕ

ಆಷಾಢದ ಅಮಾವಾಸ್ಯೆ ನಮ್ಮ ಕನ್ನಡ ಮನೆಗಳಲ್ಲಿ ಭೀಮನ ಅಮಾವಾಸ್ಯೆ. ಠಾಣೆ, ಕಲ್ಯಾಣ, ಡೊಂಬಿವಲಿಗಳ ನೆರೆಹೊರೆಗೆ ಅದೇ ಗಟಾರಿ. ಶ್ರಾವಣದ ಮಾಂಸವರ್ಜನೆಗೆ ಮುನ್ನಿನ ಭಾನುವಾರ ಮಟನ್ ಅಂಗಡಿಯ ಮುಂದೆ ಕೊಡೆ ಹಿಡಿದು ನಿಂತ ಗೃಹಸ್ಥರು, ಕೊಕ್ಕೆಗೆ ತೂಗಿದ ಆಡಿನ ತೊಡೆಯ ಮೇಲೆ ಕಣ್ಣಿಟ್ಟು, ಕೊರಡಿನ ಮೇಲೆ ಕತ್ತಿ ಬೀಳುವಾಗ ಮಾತ್ರ ಮುಖ ತಿರುಗಿಸುವುದನ್ನು ಕಂಡಾಗಲೆಲ್ಲ, ವಧೆಯ ಪಾಪ ಯಾರದೆಂಬ ಪುರಾತನ ಪ್ರಶ್ನೆ ನನ್ನಲ್ಲಿ ಏಳುತ್ತದೆ.

ಮನುಸ್ಮೃತಿಯ 5ನೆಯ ಅಧ್ಯಾಯವು ಅನುಮತಿಸಿದವನಿಂದ ಮೊದಲ್ಗೊಂಡು ಕೊಂಡವನು, ಅಟ್ಟವನು, ಬಡಿಸಿದವನು, ಉಂಡವನವರೆಗೆ ಸರ್ವರನ್ನೂ ಘಾತಕರೆಂದೇ ಎಣಿಸುತ್ತದೆ. ಯಜ್ಞದ ವಧೆ ವಧೆಯೇ ಅಲ್ಲವೆಂದು ಅದೇ ಅಧ್ಯಾಯ ಸಾರುವುದು ಬೇರೆ ಮಾತು! ಮಹಾಭಾರತದ ವನಪರ್ವದ ಧರ್ಮವ್ಯಾಧನಾದರೋ, ಪರರು ಕೊಂದ ಹಂದಿ ಕೋಣಗಳ ಮಾಂಸವನ್ನು ಮಿಥಿಲೆಯಲ್ಲಿ ಮಾರುವೆನಷ್ಟೇ, ತಾನು ಕೊಲ್ಲುವುದೂ ಇಲ್ಲ, ತಿನ್ನುವುದೂ ಇಲ್ಲವೆಂದು ಬ್ರಾಹ್ಮಣ ಕೌಶಿಕನಿಗೆ ಹೇಳಿಯೂ, ತನ್ನ ಕರ್ಮ ಘೋರವೆಂಬುದನ್ನು ಮರೆಮಾಚಲಿಲ್ಲ.

ವ್ಯಾಧನೆಂದರೆ ಬೇಡನು; ಇಂದು ಠಾಣೆಯ ಯೇಊರ್ ಗುಡ್ಡಗಳಲ್ಲಿ ಬಿಲ್ಲೆತ್ತಿ ಬೇಟೆಯಾಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಯುಕ್ತವಾಗಿಯೇ ನಿಷೇಧಿಸಿದೆ. ಆದರೂ ತನ್ನ ಬಾಣ ತಗುಲಿದ ಮೃಗ ನರಳುವುದನ್ನು ಕಣ್ಣಾರೆ ಕಾಣಬೇಕಾದ ಬೇಡನು, ಅರ್ಧ ಕಿಲೋ ಖೀಮಾ ಕೇಳುವವರಿಗಿಂತ ಸತ್ಯಕ್ಕೆ ಒಂದು ಹೆಜ್ಜೆ ಸಮೀಪವೆಂದೇ ನನ್ನ ಮತ. ಸಸ್ಯಾಹಾರಿ ಬಂಧುಗಳೂ ಬೀಗಬೇಕಾಗಿಲ್ಲ. ನೇಗಿಲಿನ ಬಾಯಿಗೆ ಸಿಕ್ಕಿ ಸಾಯುವ ಅಸಂಖ್ಯ ಜೀವಿಗಳನ್ನೂ ವ್ಯಾಧನು ಕೌಶಿಕನ ಮುಂದೆ ಲೆಕ್ಕಕ್ಕೆ ತಂದಿದ್ದಾನೆ.