ಹಿಂದೆ ಬರುವವನು ನಮ್ಮ ನೆರೆಯವನೋ?

ಮನುಷ್ಯನು ತನ್ನ ಕಣ್ಣಿಗೆ ಕಾಣುವವರ ವಿಷಯದಲ್ಲಿ ಸಾಮಾನ್ಯವಾಗಿ ಮರ್ಯಾದೆಯಿಂದ ನಡಕೊಳ್ಳುತ್ತಾನೆ. ಇಕ್ಕಟ್ಟಾದ ಓಣಿಯಲ್ಲಿ ಹಿರಿಯರು ಎದುರಾದರೆ ಹಾದಿ ಬಿಡುತ್ತಾನೆ. ನೆರೆಮನೆಯ ಕೂಸು ಬಾವಿಯ ಕಟ್ಟೆ ಹತ್ತಿದರೆ ಓಡಿಹೋಗಿ ಎತ್ತಿಕೊಳ್ಳುತ್ತಾನೆ. ಆದರೆ ನಮ್ಮ ಬೆನ್ನ ಹಿಂದೆ ಬರುವ, ನಾವು ಎಂದೂ ಮುಖ ನೋಡದ, ಹೆಸರು ಕೇಳದ ಒಬ್ಬ ದಾರಿಕಾರನ ಪ್ರಾಣಕ್ಕೂ ನಾವು ಉತ್ತರವಾದಿಗಳೋ? ಇದು ಪಂಡಿತರ ಚರ್ಚೆಗೆ ಮಾತ್ರ ತಕ್ಕ ಪ್ರಶ್ನೆಯೆಂದು ಪ್ರಿಯ ವಾಚಕರು ನೆನಸಬಾರದು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ನಡಿಸುವ ಒಬ್ಬೊಬ್ಬನೂ ಹೊತ್ತು ಮುಣುಗಿದ ಮೇಲೆ ದಾರಿಗೆ ಬಂದಾಗಲೆಲ್ಲಾ ಈ ಪ್ರಶ್ನೆಗೆ ತನ್ನ ನಡತೆಯಿಂದಲೇ ಉತ್ತರ ಕೊಡುತ್ತಾನೆ.

ಟ್ರ್ಯಾಕ್ಟರು ಹೊಲಕ್ಕಾಗಿ ಹುಟ್ಟಿದ ಯಂತ್ರ. ಅದರಲ್ಲಿ ಬ್ರೇಕಿನ ಪೆಡಲುಗಳು ಎರಡು ಉಂಟು. ಒಂದು ಎಡಗಡೆಯ ಹಿಂಗಾಲಿಯನ್ನು, ಇನ್ನೊಂದು ಬಲಗಡೆಯದನ್ನು ತಡೆಯುತ್ತದೆ. ಸಾಲಿನ ಕೊನೆಯಲ್ಲಿ ಒಂದನ್ನೇ ತುಳಿದರೆ ಯಂತ್ರವು ಸ್ವಲ್ಪ ಸ್ಥಳದಲ್ಲಿಯೇ ತಿರುಗಿ ಮುಂದಿನ ಸಾಲು ಹಿಡಿಯುತ್ತದೆ. ಇದು ಹೊಲದಲ್ಲಿ ಗುಣ. ಆದರೆ ಡಾಂಬರು ರಸ್ತೆಗೆ ಹತ್ತುವ ಮೊದಲು ಆ ಎರಡು ಪೆಡಲುಗಳನ್ನು ಕೊಂಡಿಯಿಂದ ಒಂದಾಗಿ ಕೂಡಿಸಬೇಕು. ಕೂಡಿಸದೆ ವೇಗದಲ್ಲಿ ಒಂದನ್ನೇ ತುಳಿದರೆ ಒಂದು ಗಾಲಿ ನಿಂತು ಇನ್ನೊಂದು ಓಡಿ, ಯಂತ್ರವು ಮಗುಚಿಬೀಳುವದು. ಹಾಗೆಯೇ ಹಾನಗಲ್ಲ ಸೀಮೆಯ ಭತ್ತದ ಗದ್ದೆಗಳಲ್ಲಿ ಕೆಸರು ತುಳಿಯುವದಕ್ಕೆ ಹಾಕುವ ಕಬ್ಬಿಣದ ಕೇಜ್ ವ್ಹೀಲುಗಳು ಗದ್ದೆಗೆ ಬಹಳ ಉಪಯೋಗವಾದವುಗಳು. ಅವುಗಳನ್ನು ಬಿಚ್ಚದೆ ರಸ್ತೆಯ ಮೇಲೆ ಹೊಡೆದರೆ ಊರವರೆಲ್ಲರ ಡಾಂಬರನ್ನು ಕೊರೆದುಹಾಕುತ್ತವೆ. ಹೀಗೆ ಹೊಲದಲ್ಲಿ ಗುಣವಾದದ್ದು ದಾರಿಯಲ್ಲಿ ದೋಷವಾಗುವದುಂಟು. ಯಾಕಂದರೆ ಹೊಲವು ನನ್ನದು, ದಾರಿಯು ಎಲ್ಲರದು. ಹೊಲದಲ್ಲಿ ನನ್ನ ಅಜಾಗ್ರತೆಯ ನಷ್ಟವು ಹೆಚ್ಚಾಗಿ ನನಗೇ ಬರುವದು. ದಾರಿಯಲ್ಲಿ ಅದನ್ನು ಬೇರೊಬ್ಬನು ತೆರುವನು.

ಈಗ ಸುಗ್ಗಿಯ ಕಾಲವನ್ನು ಮನಸ್ಸಿಗೆ ತಂದುಕೊಳ್ಳಿರಿ. ಗೋವಿನಜೋಳದ ಚೀಲಗಳು, ಹುಲ್ಲು ಹೊಟ್ಟು, ಸಂಗೂರಿನ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬು, ಹಳ್ಳಿಯಿಂದ ಹಳ್ಳಿಗೆ ಎಳೆದೊಯ್ಯುವ ರಾಶಿ ಮಷಿನ್, ಇವೆಲ್ಲವೂ ಟ್ರ್ಯಾಕ್ಟರಿನ ಹಿಂದೆಯೇ ಸಾಗುತ್ತವೆ. ತಡಸದಿಂದ ಹಾನಗಲ್ಲ ಮಾರ್ಗವಾಗಿ ಆನವಟ್ಟಿಗೆ ಹೋಗುವ ದಾರಿಯಲ್ಲಿಯೂ, ಶಿಗ್ಗಾವಿ ತಾಲೂಕನ್ನು ಹಾದುಹೋಗುವ ೪೮ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿಯೂ ಅವುಗಳ ಬೆನ್ನಿಗೆ ಬಸ್ಸು, ಲಾರಿ, ಮೋಟಾರ್ ಸೈಕಲ್ಲುಗಳು ಬರುತ್ತವೆ. ತಾಸಿಗೆ ೮೦ ಕಿಲೋಮೀಟರು ವೇಗದಲ್ಲಿ ಬರುವ ಬಂಡಿಯು ಒಂದು ಸೆಕೆಂಡಿಗೆ ಸುಮಾರು ೨೨ ಮೀಟರು ಓಡುತ್ತದೆ. ತಗ್ಗಿಸಿದ ದೀಪದ ಬೆಳಕು ೫೦ ಮೀಟರಿನ ವರೆಗೆ ಮುಟ್ಟಿತೆಂದು ಇಟ್ಟುಕೊಂಡರೂ, ದೀಪವಿಲ್ಲದೆ ದಾರಿಯಲ್ಲಿ ನಿಂತ ಟ್ರೇಲರು ಕಣ್ಣಿಗೆ ಬಿದ್ದ ಮೇಲೆ ಚಾಲಕನಿಗೆ ಉಳಿಯುವ ಸಮಯ ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಒಂದು ಸೆಕೆಂಡು ಕಂಡದ್ದನ್ನು ತಿಳುಕೊಂಡು ಕಾಲನ್ನು ಬ್ರೇಕಿನ ಮೇಲಿಡುವದರಲ್ಲಿಯೇ ಕಳೆಯುತ್ತದೆ. ಉಸಿರೆಳೆದು ಬಿಡುವದರೊಳಗಾಗಿ ಎಲ್ಲವೂ ತೀರಿಹೋಗುವದು. ನಮ್ಮ ಹಿರಿಯರ ಚಕ್ಕಡಿಗಳು ಮೆಲ್ಲಗೆ ನಡೆಯುತ್ತಿದ್ದವು, ಅವುಗಳನ್ನು ಹಿಂದಟ್ಟಿ ಬರುವ ವೇಗದ ವಾಹನಗಳೂ ಆಗ ವಿರಳ. ಆದಾಗ್ಯೂ ಜಾಣನಾದ ಬಂಡಿಕಾರನು ರಾತ್ರಿಯಲ್ಲಿ ಅಚ್ಚಿನ ಕೆಳಗೆ ಕಂದೀಲು ತೂಗಹಾಕುತ್ತಿದ್ದನು. ಮೊಮ್ಮಗನ ಬಂಡಿಯು ಹತ್ತುಪಾಲು ಭಾರವಾಗಿ, ಕಂದೀಲು ಮಾತ್ರ ಇಲ್ಲದೆ ಹೋದರೆ ಇದನ್ನು ಸುಧಾರಣೆ ಎನ್ನಬಹುದೋ?

ದಾರಿಯಲ್ಲಿ ನಿಂತ ಭಾರವು ಎಂಥಾ ಕೇಡನ್ನು ತರಬಲ್ಲದೆಂಬದಕ್ಕೆ ದೂರ ಹೋಗಿ ಸಾಕ್ಷಿ ಹುಡುಕಬೇಕಾಗಿಲ್ಲ. ೨೦೨೪ನೆಯ ಇಸವಿ ಜೂನ್ ತಿಂಗಳ ೨೮ರಂದು, ಬೆಳಗಾಗುವ ಮೊದಲು, ನಮ್ಮ ನೆರೆಯ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ, ಹೆದ್ದಾರಿಯಲ್ಲಿ ನಿಂತಿದ್ದ ಒಂದು ಲಾರಿಗೆ ಹಿಂದಿನಿಂದ ಒಂದು ಟೆಂಪೋ ಹೊಡೆಯಿತು. ಯಾತ್ರೆ ಮುಗಿಸಿ ಭದ್ರಾವತಿ ತಾಲೂಕಿನ ತಮ್ಮ ಊರಿಗೆ ಮರಳುತ್ತಿದ್ದ ೧೩ ಜನರು ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಆ ಸಂಗತಿಯಲ್ಲಿ ಯಾರ ತಪ್ಪು ಎಷ್ಟೆಂಬದು ನ್ಯಾಯಸ್ಥಾನದ ವಿಚಾರ. ನಾವು ಅದನ್ನು ತೂಗುವವರಲ್ಲ. ಆದರೆ ರಾತ್ರಿಯ ದಾರಿಯಲ್ಲಿ ಮುಂದಿರುವವನ ಬೆನ್ನೂ ಹಿಂದಿರುವವನ ಪ್ರಾಣವೂ ಎಷ್ಟು ಹತ್ತಿರ ಕೂಡಿಕೊಂಡಿರುತ್ತವೆಂಬದನ್ನು ಅದರಿಂದ ಕಲಿಯದಿದ್ದರೆ ನಾವು ಕಲ್ಲೆದೆಯವರೇ ಸರಿ.

ಇದಕ್ಕೆ ಪ್ರತಿಯಾಗಿ ಹೇಳುವ ಮಾತುಗಳು ಮೂರು. ಒಂದೊಂದನ್ನು ನ್ಯಾಯವಾಗಿ ವಿಚಾರಿಸುವ.

ಮೊದಲನೆಯದು: “ಇಷ್ಟು ವರುಷ ಹೀಗೆಯೇ ನಡಿಸಿದೆನು, ಏನೂ ಆಗಲಿಲ್ಲ.” ಏನೂ ಆಗಲಿಲ್ಲವೆಂಬದು ನಿಜವಾಗಿರಬಹುದು. ಆದರೆ ಅದರಿಂದ ತಪ್ಪಿಲ್ಲವೆಂದು ತೀರುವದಿಲ್ಲ; ಹಿಂದೆ ಬಂದವರು ಎಚ್ಚರವಾಗಿದ್ದರೆಂಬದಷ್ಟೇ ತೀರುತ್ತದೆ. ಅವರ ಎಚ್ಚರಿಕೆಯ ಮೇಲೆ ಬದುಕಿ, ಅದನ್ನು ತನ್ನ ಜಾಣತನದ ಲೆಕ್ಕದಲ್ಲಿ ಬರಕೊಳ್ಳುವದು ಯಥಾರ್ಥತೆಯಲ್ಲ. ಹೊಸ ಮನೆ ಕಟ್ಟಿದವನು ಮಾಳಿಗೆಯ ಸುತ್ತ ಗೋಡೆ ಏರಿಸಬೇಕೆಂದು ಮೋಶೆಯ ನ್ಯಾಯಪ್ರಮಾಣವು ವಿಧಿಸಿದ್ದನ್ನು ವಾಚಕರು ಬಲ್ಲರು. ಮೇಲ್ಮುದ್ದೆಯ ಮನೆಗಳಲ್ಲಿ ಬೆಳೆದ ನಮ್ಮ ಜನಕ್ಕೆ ಅದರ ಅರ್ಥ ಹೇಳಿಕೊಡಬೇಕಾಗಿಲ್ಲ. ಒಬ್ಬನು ಬಿದ್ದು ಸಾಯಲಿ, ಆಮೇಲೆ ನೋಡುವ ಎಂದು ಆ ವಿಧಿಯು ಕಾದು ಕೂತಿಲ್ಲ. ಯಾರೂ ಬೀಳದಿರುವಾಗಲೇ, ಬೀಳಬಹುದಾದ ಒಬ್ಬನ ನಿಮಿತ್ತ ಗೋಡೆ ಏಳಬೇಕು. ಟ್ರೇಲರಿನ ಹಿಂದಿನ ಕೆಂಪು ದೀಪವೂ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯೂ ಇಂಥ ಗೋಡೆಯೇ.

ಎರಡನೆಯದು: “ನಾವು ಬಡವರು. ಎರಡು ಸಾರಿ ಹೋಗುವದರ ಬದಲು ಒಂದೇ ಸಾರಿ ಹೇರಿದರೆ ಡೀಸೆಲ್ ಉಳಿಯುತ್ತದೆ.” ಈ ಮಾತನ್ನು ಹಗುರಾಗಿ ತಳ್ಳಿಬಿಡುವದು ನ್ಯಾಯವಲ್ಲ. ಬೆಲೆ ಬೀಳುವ ಮೊದಲು ಮಾಲು ಪೇಟೆಗೆ ಮುಟ್ಟಬೇಕೆಂಬ ಒಕ್ಕಲಿಗನ ಕಳವಳವು ಸುಳ್ಳಲ್ಲ. ಆದರೆ ಉಳಿದ ಆ ಹಣವು ಎಲ್ಲಿಂದ ಬಂತೆಂದು ಕೇಳಬೇಕು. ನಮ್ಮ ಟ್ರೇಲರುಗಳಲ್ಲಿ ಹೆಚ್ಚಿನವುಗಳಿಗೆ ಸ್ವಂತ ಬ್ರೇಕು ಇರುವದಿಲ್ಲ. ಇಳಿಜಾರಿನಲ್ಲಿ ಆ ಭಾರವೆಲ್ಲಾ ಟ್ರ್ಯಾಕ್ಟರಿನ ಬೆನ್ನನ್ನು ನೂಕುತ್ತದೆ; ತಿರುವಿನಲ್ಲಿ ಅದನ್ನು ಅಡ್ಡ ತಿರುಗಿಸುತ್ತದೆ; ಏರಿನಲ್ಲಿ ಮುಂಗಾಲಿಗಳು ನೆಲ ಬಿಟ್ಟು ಏಳುವವು, ಆಗ ಚುಕ್ಕಾಣಿ ಇದ್ದೂ ಇಲ್ಲದಂತಾಗುವದು. ಹಾಗಾದರೆ ಉಳಿತಾಯವು ಡೀಸೆಲಿನಲ್ಲಿ ಆದದ್ದಲ್ಲ. ದಾರಿಯಲ್ಲಿರುವ ಇತರರ ಕ್ಷೇಮದಿಂದ ಅವರನ್ನು ಕೇಳದೆ ಕಡ ತೆಗೆದದ್ದು. ಬಡವನಿಗೂ ಇನ್ನೊಬ್ಬ ಬಡವನ ಪ್ರಾಣವನ್ನು ಒತ್ತೆಯಿಡುವ ಹಕ್ಕಿಲ್ಲ. ಆ ಹಿಂದೆ ಬರುವ ಮೋಟಾರ್ ಸೈಕಲ್ಲಿನವನೂ ಬಹುತರ ಕೂಲಿಯವನೇ. ಇದಲ್ಲದೆ, ಎಲ್ಲಾ ಕರ್ತವ್ಯಗಳೂ ದುಬಾರಿಯಾದವುಗಳಲ್ಲ. ಹೊಳೆಯುವ ಪಟ್ಟಿ ಅಂಟಿಸುವದು, ಕೊಂಡಿಯ ಪಿನ್ನು ಜಾರದಂತೆ ಬಿಗಿಯುವದು, ಪೆಡಲುಗಳನ್ನು ಕೂಡಿಸುವದು, ಹೊರಗೆ ಚಾಚಿದ ಕಬ್ಬಿನ ತುದಿಗಳನ್ನು ಒಳಗೆ ಸೇರಿಸುವದು, ಇವುಗಳಿಗೆ ತಗಲುವ ವೆಚ್ಚವು ಅಲ್ಪ. ಬಡತನವು ಹೆಚ್ಚಿನ ಭಾರಕ್ಕೆ ನೆಪವಾದೀತು. ಇಲ್ಲದ ದೀಪಕ್ಕೆ ನೆಪವಾಗಲಾರದು.

ಮತ್ತು ಕೆಲವರ ವಿಷಯದಲ್ಲಿ ಬಡತನವೆಂಬ ಮಾತೂ ಸಲ್ಲುವದಿಲ್ಲ. ಯಂತ್ರದ ಮುಂಭಾಗಕ್ಕೆ ಕಣ್ಣು ಕುಕ್ಕುವ ದೀಪಗಳ ಸಾಲು, ಕಿವಿ ಒಡೆಯುವ ಹಾರ್ನು, ಊರೆಲ್ಲಾ ಕೇಳುವ ಹಾಡಿನ ಪೆಟ್ಟಿಗೆ, ಸದ್ದು ಹೆಚ್ಚಲೆಂದು ಬದಲಿಸಿದ ಸೈಲೆನ್ಸರು, ಇವುಗಳಿಗೆ ಸಾವಿರಾರು ರೂಪಾಯಿ ಹಾಕಿರುವದನ್ನೂ, ಅದೇ ಬಂಡಿಯ ಹಿಂದೆ ಒಂದು ದೀಪವೂ ಇಲ್ಲದಿರುವದನ್ನೂ ಎಷ್ಟೋ ಸಾರಿ ಕಾಣಬಹುದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು, ತಯಾರಿಸಿದವರು ನೇಮಿಸಿದ ಲಕ್ಷಣಗಳಿಗೆ ವಿರೋಧವಾಗಿ ವಾಹನವನ್ನು ಬದಲಿಸಬಾರದೆನ್ನುತ್ತದೆ. ಸುಪ್ರೀಮ್ ಕೋರ್ಟು ೨೦೧೯ರ ಜನವರಿಯಲ್ಲಿ ಅದನ್ನೇ ಸ್ಥಿರಪಡಿಸಿತು. ಅದೇ ವರುಷದ ತಿದ್ದುಪಡಿಯ ಪ್ರಕಾರ ಹೀಗೆ ಬದಲಿಸಿದ ಒಡೆಯನಿಗೆ ಆರು ತಿಂಗಳ ವರೆಗೆ ಸೆರೆ, ಇಲ್ಲವೆ ಒಂದೊಂದು ಬದಲಾವಣೆಗೆ ೫,೦೦೦ ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಆದರೆ ದಂಡದ ಮಾತು ಬಿಡಿರಿ. ನಾಲ್ವರ ಕಣ್ಣಿಗೆ ಬೀಳುವ ಕಡೆಗೆ ಶೃಂಗಾರ, ಒಬ್ಬನನ್ನು ಕಾಪಾಡುವ ಕಡೆಗೆ ಕತ್ತಲೆ. ಇದು ಯಂತ್ರದ ದೋಷವಲ್ಲ, ಹೃದಯದ ದೋಷ.

ಮೂರನೆಯದು: “ಬಂಡಿ ನಡಿಸಿದವನು ಆಳು,” ಅಥವಾ “ನಡಿಸಿದವನು ಹುಡುಗ; ನಾನಲ್ಲ.” ಈ ಮಾತನ್ನು ಶಾಸನವೇ ಒಪ್ಪುವದಿಲ್ಲ. ೨೦೧೯ರಲ್ಲಿ ಸೇರಿಸಿದ ೧೯೯-ಎ ಕಲಮಿನ ಪ್ರಕಾರ ಪ್ರಾಯಕ್ಕೆ ಬಾರದ ಹುಡುಗನು ವಾಹನ ನಡಿಸಿ ಅಪರಾಧ ಮಾಡಿದರೆ ಅವನ ಪಾಲಕನೂ ವಾಹನದ ಒಡೆಯನೂ ಅಪರಾಧಿಗಳೆಂದು ಎಣಿಸಲ್ಪಡುವರು. ಮೂರು ವರುಷದ ವರೆಗೆ ಸೆರೆ, ೨೫,೦೦೦ ರೂಪಾಯಿ ದಂಡ ಉಂಟು. ಆದರೆ ಶಾಸನವು ಮುಟ್ಟದ ಪಾಲುಗಾರರೂ ಇದ್ದಾರೆ. “ಇನ್ನು ಹತ್ತು ಚೀಲ ಹೇರು” ಎಂದ ವ್ಯಾಪಾರಿ, ನಿದ್ದೆಗೆಟ್ಟ ಆಳನ್ನು ಮತ್ತೊಂದು ಸಾರಿ ಕಳುಹಿಸಿದ ಒಡೆಯ, ಮದುವೆಗೆ ಹೋಗುವಾಗ ಬಸ್ಸಿನ ದುಡ್ಡು ಉಳಿಯಲೆಂದು ಹೆಂಗಸರು ಮಕ್ಕಳನ್ನು ಸರಕಿನ ಟ್ರೇಲರಿನಲ್ಲಿ ಕೂಡ್ರಿಸಿದ ಹಿರಿಯರು, ಇವರೆಲ್ಲರ ಕೈಯೂ ಆ ಚುಕ್ಕಾಣಿಯ ಮೇಲೆ ಇದೆ. ಕೂಲಿಯ ಆಳು ಬೇಡವೆಂದರೆ ಕೆಲಸ ಹೋಗುವದು. ಒಡೆಯನು ಬೇಡವೆಂದರೆ ಒಂದು ಬಾಡಿಗೆ ಹೋಗುವದು. ಯಾರ ನಷ್ಟವು ಕಡಿಮೆಯೋ ಅವನ ಹೊಣೆಯು ಹೆಚ್ಚು.

ಉಪಕಾರ ಮಾಡುವದರಲ್ಲಿಯೂ ಇದೇ ಕ್ರಮವನ್ನು ನೆನಸಬೇಕು. ಎರೆಯ ಹೊಲದ ಕೆಸರಿನಲ್ಲಿ ಸಿಕ್ಕಿಬಿದ್ದ ಬಂಡಿಯನ್ನು ಜಗ್ಗಿ ತೆಗೆಯುವದು ನಮ್ಮಲ್ಲಿ ಹಳೇ ಒಳ್ಳೇ ಪದ್ಧತಿ. ಆದರೆ ಸರಪಳಿಯನ್ನು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿ ಎಳೆದರೆ ಯಂತ್ರವು ಮೂತಿ ಎತ್ತಿ ಚಾಲಕನ ಮೇಲೆಯೇ ಹಿಂದಕ್ಕೆ ಬೀಳಬಹುದು. ಬಿಗಿದ ಸರಪಳಿ ಹರಿದರೆ ಅದರ ತುದಿಯು ಚಾಟಿಯಂತೆ ಹಾರಿ ನೋಡುತ್ತ ನಿಂತವರನ್ನು ಕೊಲ್ಲಬಹುದು. ಆದದರಿಂದ ತಗ್ಗಿನಲ್ಲಿ ಕಟ್ಟಿರಿ, ಜರ್ಕು ಹೊಡೆಯದೆ ಮೆಲ್ಲಗೆ ಎಳೆಯಿರಿ, ಮಕ್ಕಳನ್ನು ದೂರ ಕಳುಹಿಸಿರಿ. ಕೆಟ್ಟ ವಾಹನವನ್ನು ದಾರಿಯಲ್ಲಿ ಎಳೆದೊಯ್ಯುವಾಗ ಎರಡರ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರವಿರಬಾರದು, ಹಿಂದಿನದರ ಚುಕ್ಕಾಣಿಗೂ ಒಬ್ಬನು ಕೂತಿರಬೇಕೆಂಬದು ನಿಯಮ. ವಾಹನ ಕೆಟ್ಟು ನಿಂತಾಗ ದಾರಿಯ ಮೇಲೆ ಕಲ್ಲುಗಳನ್ನಿಟ್ಟು, ರಿಪೇರಿಯಾದ ಮೇಲೆ ಅವುಗಳನ್ನು ಅಲ್ಲಿಯೇ ಬಿಟ್ಟುಹೋಗುವ ಕೆಟ್ಟ ರೂಢಿಯೊಂದುಂಟು; ಗೋವಿನಜೋಳ ಒಣಗಿಸಿದವರು ಅಂಚಿಗಿಟ್ಟ ಕಲ್ಲುಗಳೂ ಹಾಗೆಯೇ ಉಳಿಯುತ್ತವೆ. ತನ್ನ ರಕ್ಷಣೆಗೆ ಇಟ್ಟ ಕಲ್ಲು ತಾನು ಹೋದ ಮೇಲೆ ಮತ್ತೊಬ್ಬನಿಗೆ ಉರುಲಾಗುತ್ತದೆ. ಕುಣಿ ತೋಡಿ ಮುಚ್ಚದೆ ಹೋದವನು ಅದರಲ್ಲಿ ಬಿದ್ದ ಎತ್ತಿನ ಬೆಲೆ ತೆರಬೇಕಾಗಿದ್ದರೆ, ಬಿದ್ದದ್ದು ಮನುಷ್ಯನಾದಾಗ ಏನು ತೆರೋಣ?

ದಾರಿಯಲ್ಲಿ ಗಾಯಪಟ್ಟವನನ್ನು ಎತ್ತಿದರೆ ಪೋಲೀಸರ ಕಾಟ ಬರುವದೆಂದು ಜನರು ಅಂಜುತ್ತಿದ್ದರು. ೨೦೧೯ರಲ್ಲಿ ಸೇರಿಸಿದ ೧೩೪-ಎ ಕಲಮು ಶುದ್ಧ ಮನಸ್ಸಿನಿಂದ ಸಹಾಯ ಮಾಡಿದವನನ್ನು ಮೊಕದ್ದಮೆಯಿಂದ ಕಾಯುತ್ತದೆ. ಅಂಥವನಿಗೆ ಆ ಕಲಮು ಇಟ್ಟ ಹೆಸರು, ಸುವಾರ್ತೆಯಿಂದ ನಾವೆಲ್ಲರು ಬಲ್ಲ ಒಳ್ಳೇ ಸಮಾರ್ಯದವನೆಂಬದೇ. ಆದಕಾರಣ ಇನ್ನು ಅಂಜಿಕೆಯ ನೆಪವಿಲ್ಲ. ಎತ್ತಿರಿ, ಆಸ್ಪತ್ರೆಗೆ ಮುಟ್ಟಿಸಿರಿ. ಆದರೆ ಒಂದು ಮಾತನ್ನು ಮರೆಯಬಾರದು. ಯೆರಿಕೋವಿನ ದಾರಿಯಲ್ಲಿ ಆ ಮನುಷ್ಯನನ್ನು ಗಾಯಪಡಿಸಿದವರು ಕಳ್ಳರು. ನಮ್ಮ ದಾರಿಗಳಲ್ಲಿ ಗಾಯಪಡಿಸುವವರು ಕಳ್ಳರಲ್ಲ. ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬೇಕೆಂದಿರುವ, ಯಾರಿಗೂ ಕೇಡು ನೆನಸದ ಸಜ್ಜನರು. ಬಿದ್ದವನಿಗೆ ನೆರೆಯವನಾಗುವದು ದೊಡ್ಡ ಕೆಲಸ. ಅವನು ಬೀಳದ ಹಾಗೆ ಮುಂಚೆಯೇ ನೆರೆಯವನಾಗುವದು ಅದಕ್ಕಿಂತ ಮೇಲಾದದ್ದು. ಅದಕ್ಕೆ ಹೊಗಳಿಕೆ ಸಿಕ್ಕುವದಿಲ್ಲ, ಯಾಕಂದರೆ ಉಳಿದವನಿಗೆ ತಾನು ಉಳಿದೆನೆಂಬದೇ ಗೊತ್ತಾಗುವದಿಲ್ಲ.

ಹೀಗಿರುವದರಿಂದ, ಪ್ರಿಯರೇ, ಈ ಹೊತ್ತು ರಾತ್ರಿ ಒಂದು ಚಿಕ್ಕ ಕೆಲಸ ಮಾಡಿರಿ. ನಿಮ್ಮ ಟ್ರೇಲರನ್ನು ಅಂಗಳದಲ್ಲಿ ಕತ್ತಲೆಯಲ್ಲಿ ನಿಲ್ಲಿಸಿ, ಅದರ ಹಿಂದೆ ನೂರು ಹೆಜ್ಜೆ ನಡೆದುಹೋಗಿ, ಒಂದು ಬ್ಯಾಟರಿಯ ಬೆಳಕು ಬಿಟ್ಟು ತಿರುಗಿ ನೋಡಿರಿ. ಹೊಳೆದು ಕಂಡರೆ ದೇವರಿಗೆ ಸ್ತೋತ್ರ ಮಾಡಿ ಮಲಗಿರಿ. ಕಾಣದಿದ್ದರೆ, ನೀವು ಈಗ ನಿಂತ ಸ್ಥಳದಲ್ಲಿ ನಾಳೆ ಒಬ್ಬನು ತನ್ನ ಹೆಂಡತಿ ಮಕ್ಕಳನ್ನು ಕೂಡ್ರಿಸಿಕೊಂಡು ವೇಗವಾಗಿ ಬರುತ್ತಿರುವನೆಂದು ತಿಳುಕೊಂಡು, ಬೆಳಗಾದ ಕೂಡಲೆ ಮಾಡಬೇಕಾದದ್ದನ್ನು ಮಾಡಿರಿ.