ಕನಸು ಒಬ್ಬನದು, ಎಚ್ಚರ ಊರಿನದು

ಸಣ್ಣ ಊರಿನ ಹಳೇ ಚಿತ್ರಮಂದಿರದಲ್ಲಿ ಸ್ವತಂತ್ರ ಚಿತ್ರಗಳ ಉತ್ಸವ ಮಾಡುತ್ತೇವೆಂದು ಯಾರಾದರೂ ಹೊರಟರೆ ಊರಿನವರು ಮೊದಲು ಕೇಳುವ ಪ್ರಶ್ನೆ ನ್ಯಾಯವಾದದ್ದೇ: ಈಗ ಅದರ ಅಗತ್ಯವೇನು? ಜೇಬಿನಲ್ಲಿ ಫೋನಿದೆ, ಜಗತ್ತಿನ ಯಾವ ಮೂಲೆಯ ಚಿತ್ರವನ್ನಾದರೂ ಮಲಗಿದಲ್ಲೇ ನೋಡಬಹುದು. ಒಂದೇ ತೆರೆಯ ಎಷ್ಟೋ ಚಿತ್ರಮಂದಿರಗಳು ಕಲ್ಯಾಣ ಮಂಟಪಗಳೋ ವಾಣಿಜ್ಯ ಸಂಕೀರ್ಣಗಳೋ ಆಗಿಹೋಗಿವೆ. ಮುಚ್ಚುತ್ತಿರುವ ಬಾಗಿಲನ್ನು ಮೂರು ದಿನದ ಮಟ್ಟಿಗೆ ತೆರೆದರೆ ಏನು ಸಾಧಿಸಿದಂತಾಯಿತು? ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಹಳೆಯದನ್ನು ಉಳಿಸಿಕೊಳ್ಳಬೇಕು ಎಂಬುದು ಒಂದು. ದೊಡ್ಡ ತೆರೆಯ ಮೇಲೆ ಚಿತ್ರ ಚೆನ್ನಾಗಿ ಕಾಣುತ್ತದೆ ಎಂಬುದು ಇನ್ನೊಂದು. ಎರಡೂ ನಿಲ್ಲುವುದಿಲ್ಲ. ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಉಳಿಸಬೇಕಿಲ್ಲ. ತೆರೆಯ ಅಳತೆಯೇ ಮುಖ್ಯವಾದರೆ ಅಂಥ ತೆರೆ ಈಗ ಮನೆಯ ಗೋಡೆಗೂ ಬಂದಿದೆ. ಆದ್ದರಿಂದ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿಯಬೇಕು. ಒಬ್ಬನೇ ಕಂಡದ್ದಕ್ಕೂ ಹಲವರು ಕೂಡಿ ಕಂಡದ್ದಕ್ಕೂ ಸತ್ಯದ ದೃಷ್ಟಿಯಿಂದ ಏನಾದರೂ ವ್ಯತ್ಯಾಸವಿದೆಯೇ? ಈ ಪ್ರಶ್ನೆ ಸಿನಿಮಾಕ್ಕಿಂತ ಬಹಳ ಹಳೆಯದು. ಅದಕ್ಕೆ ಗಟ್ಟಿಯಾದ ಉತ್ತರದ ಎಳೆಯೊಂದು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ನೆಲೆನಿಂತ ವೇದಾಂತದಲ್ಲಿಯೇ ಸಿಗುತ್ತದೆ.

ವೇದಾಂತಕ್ಕೂ ಸಿನಿಮಾಕ್ಕೂ ನಂಟು ಹೊಸದಲ್ಲ. ತಿರುವಣ್ಣಾಮಲೆಯ ರಮಣ ಮಹರ್ಷಿಗಳು ಆತ್ಮದ ವಿಚಾರ ಹೇಳುವಾಗ ಸಿನಿಮಾ ತೆರೆಯ ದೃಷ್ಟಾಂತವನ್ನು ಮತ್ತೆ ಮತ್ತೆ ಕೊಡುತ್ತಿದ್ದರು. ತೆರೆಯ ಮೇಲೆ ಬೆಂಕಿ ಹತ್ತಿ ಉರಿದರೂ ತೆರೆ ಸುಡುವುದಿಲ್ಲ, ಪ್ರವಾಹ ಬಂದರೂ ನೆನೆಯುವುದಿಲ್ಲ. ಚಿತ್ರಗಳು ಬಂದು ಹೋಗುತ್ತವೆ, ತೆರೆ ಇದ್ದಂತೆಯೇ ಇರುತ್ತದೆ. ಆತ್ಮಸಾಧನೆಗೆ ಹೊರಟವನಿಗೆ ಇದಕ್ಕಿಂತ ಸರಳವಾದ ಪಾಠ ಸಿಕ್ಕಲಿಕ್ಕಿಲ್ಲ. ಆದರೆ ಇದನ್ನೇ ಸಿನಿಮಾ ನೋಡುವವನ ಧರ್ಮವೆಂದು ತಿಳಿದರೆ ಎಡವುತ್ತೇವೆ. ತೆರೆಯೊಂದೇ ಸತ್ಯವಾದರೆ ಅದರ ಮೇಲೆ ಯಾರು ಅತ್ತರು, ಯಾಕೆ ಅತ್ತರು ಎಂಬುದಕ್ಕೆ ತೂಕವಿರುವುದಿಲ್ಲ. ಒಳ್ಳೆಯ ಚಿತ್ರಕ್ಕೂ ಕೆಟ್ಟ ಚಿತ್ರಕ್ಕೂ ಭೇದವಿರುವುದಿಲ್ಲ. ಚೋಳ ದೇಶದಿಂದ ತೊಣ್ಣೂರಿಗೆ ಬಂದು, ಅಲ್ಲಿಂದ ಮೇಲುಕೋಟೆಗೆ ಹೋಗಿ 12 ವರ್ಷ ನೆಲೆಸಿದರೆಂದು ಸಂಪ್ರದಾಯ ಹೇಳುವ ರಾಮಾನುಜರ ದಾರಿಯೇ ಬೇರೆ. ಅವರ ಮತದಲ್ಲಿ ಕಾಣುವ ಜಗತ್ತು ಭಗವಂತನ ಶರೀರ. ಶರೀರವನ್ನು ಸುಳ್ಳೆಂದು ತಳ್ಳಿ ಶರೀರಿಯನ್ನು ಹಿಡಿಯಲಾಗದು. ಅಷ್ಟೇ ಅಲ್ಲ, ಅರಿವೆಂಬುದು ಯಾವಾಗಲೂ ಇರುವ ಯಾವುದೋ ಒಂದರ ಅರಿವೇ ಆಗಿರುತ್ತದೆ. ಭ್ರಮೆಯ ತಳದಲ್ಲೂ ಏನೋ ಒಂದು ನಿಜ ಇದ್ದೇ ಇರುತ್ತದೆ ಎಂದು ಅವರು ವಾದಿಸಿದರು.

ಹಾಗಾದರೆ ಕನಸಿನ ಗತಿಯೇನು ಎಂಬ ಆಕ್ಷೇಪ ಏಳುತ್ತದೆ. ರಾಮಾನುಜರ ಶ್ರೀಭಾಷ್ಯ ಅದಕ್ಕೆ ಕೊಡುವ ಉತ್ತರ ಸೋಜಿಗದ್ದು. ಕನಸಿನಲ್ಲಿ ಕಂಡ ರಥ, ಕುದುರೆ, ದಾರಿಗಳು ಸುಳ್ಳಲ್ಲ. ಆಯಾ ಜೀವನ ಪುಣ್ಯಪಾಪಗಳಿಗೆ ತಕ್ಕಂತೆ, ಆ ಒಬ್ಬನ ಅನುಭವಕ್ಕೆ ಮಾತ್ರ, ಆ ಹೊತ್ತಿಗೆ ಮಾತ್ರ, ಈಶ್ವರನೇ ಅವನ್ನು ಸೃಷ್ಟಿಸುತ್ತಾನೆ. ಎಂದರೆ ಕನಸಿಗೂ ಎಚ್ಚರಕ್ಕೂ ಇರುವ ವ್ಯತ್ಯಾಸವನ್ನು ಸುಳ್ಳು–ನಿಜಗಳ ಗೆರೆಯಾಗಿ ಎಳೆಯುವ ಹಾಗಿಲ್ಲ. ಒಂದು ಒಬ್ಬನ ಪಾಲಿನದು, ಇನ್ನೊಂದು ಎಲ್ಲರ ಪಾಲಿನದು. ಇಲ್ಲಿಂದ ಮುಂದಿನ ಹೆಜ್ಜೆ ರಾಮಾನುಜರದ್ದಲ್ಲ, ಈ ಲೇಖನದ್ದು. ಫೋನಿನಲ್ಲಿ ನೋಡುವ ಚಿತ್ರ ಈ ಲಕ್ಷಣದ ಪ್ರಕಾರ ಕನಸಿನ ಜಾತಿಗೆ ಸೇರುತ್ತದೆ. ನೋಡುವವನು ಹಿಂದೆ ಏನು ನೋಡಿದ, ಎಲ್ಲಿ ನಿಲ್ಲಿಸಿದ ಎಂಬ ಲೆಕ್ಕದ ಮೇಲೆ ಅವನೊಬ್ಬನಿಗಾಗಿಯೇ ಅದು ಆರಿಸಿ ಬರುತ್ತದೆ. ಬೇಸರವಾದರೆ ಬೆರಳಾಡಿಸಿದೊಡನೆ ಮಾಯವಾಗುತ್ತದೆ. ಪಕ್ಕದಲ್ಲಿ ಮಲಗಿದವರಿಗೂ ಅದು ಕಾಣದು. ಅವನ ಕರ್ಮಫಲವನ್ನು ಅವನಿಗೇ ಉಣಬಡಿಸುವ ಯಂತ್ರ ಅದು. ಆ ಚಿತ್ರ ಸುಳ್ಳಲ್ಲ, ಆದರೆ ಅದಕ್ಕೆ ಸಾಕ್ಷಿಯಿಲ್ಲ. ಅದೇ ಚಿತ್ರ ಚಿತ್ರಮಂದಿರದಲ್ಲಿ ಓಡಿದಾಗ ನೋಡುವವನು ತಾನು ಆರಿಸದ ಜನರ ನಡುವೆ ಕೂತಿರುತ್ತಾನೆ, ತಾನು ನಿಲ್ಲಿಸಲಾಗದ ವೇಗದಲ್ಲಿ ನೋಡುತ್ತಾನೆ, ಕಂಡದ್ದನ್ನು ನಾಳೆ ಇನ್ನೊಬ್ಬನ ಮುಂದೆ ಅಲ್ಲಗಳೆಯಲಾರ. ಚಿತ್ರ ಕನಸಿನಿಂದ ಎಚ್ಚರಕ್ಕೆ ದಾಟುವುದು ಅಲ್ಲಿ.

ಕೂಡಿ ನೋಡುವುದಕ್ಕೆ ಇಷ್ಟು ಬೆಲೆ ಕಟ್ಟುವುದು ನಮ್ಮ ಕಾವ್ಯಮೀಮಾಂಸೆಗೆ ಹೊರಗಿನ ಮಾತಲ್ಲ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ದೇವತೆಗಳು ಬ್ರಹ್ಮನ ಬಳಿ ಹೋಗಿ, ಶೂದ್ರರ ಕಿವಿಗೆ ಬೀಳಬಾರದೆಂದಿರುವ ವೇದಗಳು ಸಾಲವು, ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದವನ್ನು ಸೃಷ್ಟಿಸು ಎಂದು ಕೇಳುತ್ತಾರೆ. ಮೊದಲ ಪ್ರಯೋಗಕ್ಕೇ ವಿಘ್ನಗಳು ಎರಗಿದಾಗ ವಿಶ್ವಕರ್ಮ ನಾಟ್ಯಗೃಹವನ್ನು ಕಟ್ಟುತ್ತಾನೆ. ಆ ಕಥೆಯ ಮಟ್ಟಿಗೆ ಮಂದಿರ ಅಲಂಕಾರಕ್ಕೆ ಕಟ್ಟಿದ್ದಲ್ಲ, ಕಲೆಯನ್ನು ಕಾಪಾಡಲು ಕಟ್ಟಿದ್ದು. ಇದೇ ಮಾತನ್ನು ಕಾಶ್ಮೀರದ ಅಭಿನವಗುಪ್ತ ಇನ್ನೂ ಸೂಕ್ಷ್ಮವಾಗಿ ಹಿಡಿದ. ರಸಾನುಭವಕ್ಕೆ ಅವನು ಎಣಿಸುವ 7 ವಿಘ್ನಗಳಲ್ಲಿ, ಪ್ರೇಕ್ಷಕ ತನ್ನದೇ ಸುಖದುಃಖಗಳಲ್ಲಿ ಮುಳುಗಿರುವುದೂ ಒಂದು. ಅದರ ಪರಿಹಾರಕ್ಕೆಂದೇ ಸಂಗೀತ, ವಾದ್ಯ, ಸಿಂಗರಿಸಿದ ಮಂಟಪಗಳು ಇರುವುದು ಎನ್ನುತ್ತಾನೆ. ನೃತ್ಯಗೀತೆಗಳ ಸಭೆಯಲ್ಲಿ ಎಲ್ಲರೂ ತನ್ಮಯರಾದಾಗ ಒಬ್ಬರ ಪ್ರಜ್ಞೆ ಇನ್ನೊಬ್ಬರಲ್ಲಿ ಪ್ರತಿಫಲಿಸಿ ಹಿಗ್ಗುತ್ತದೆಂದೂ, ಒಳಗೊಳ್ಳದ ಒಬ್ಬನಿದ್ದರೆ ಅದು ಕುಗ್ಗುತ್ತದೆಂದೂ ತಂತ್ರಾಲೋಕದಲ್ಲಿ ಬರೆದ. ಚಿತ್ರ ನಡೆಯುವಾಗ ಮುಂದಿನ ಸಾಲಿನಲ್ಲಿ ಒಂದು ಫೋನು ಬೆಳಗಿದರೆ ಆಗುವುದು ಇದೇ. ಟೂರಿಂಗ್ ಟಾಕೀಸಿನವರಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ, ಆದರೆ ಮರ್ಮ ಗೊತ್ತಿತ್ತು. ಆಟ ಶುರುವಾಗುವ ಮುಂಚೆ ಘಂಟಸಾಲ ಹಾಡಿದ ವೆಂಕಟೇಶನ ಸ್ತುತಿ ಧ್ವನಿವರ್ಧಕದಲ್ಲಿ ಮೊಳಗಿತೆಂದರೆ ಗದ್ದೆಬಯಲಿನಾಚೆಯ ಹಳ್ಳಿಯವರೂ ಹೆಜ್ಜೆ ಚುರುಕು ಮಾಡುತ್ತಿದ್ದರು. ತಮ್ಮ ತಮ್ಮ ಮನೆಯ ಚಿಂತೆಯಿಂದ ಜನರನ್ನು ಬಿಡಿಸಿ ಒಂದೆಡೆ ಕೂರಿಸುವ ಪೂರ್ವರಂಗವಾಗಿತ್ತು ಅದು.

ಇದೆಲ್ಲ ಶಾಸ್ತ್ರದ ಮಾತಾಯಿತು, ಸ್ವತಂತ್ರ ಚಿತ್ರಗಳನ್ನು ಹಳ್ಳಿಯವರು ನೋಡುತ್ತಾರೆಯೇ ಎಂದು ಕೇಳಬಹುದು. ಇಂಥ ಉತ್ಸವ ಪೇಟೆಯಿಂದ ಕಾರಿನಲ್ಲಿ ಬಂದು ಹೋಗುವವರ ಹವ್ಯಾಸ, ಊರಿನವರಿಗೆ ಅದು ತಲುಪದು ಎಂಬುದು ಬಲವಾದ ಆಕ್ಷೇಪ. ಅದಕ್ಕೆ ಉತ್ತರವನ್ನು ಸಾಗರ ತಾಲ್ಲೂಕಿನ ಹೆಗ್ಗೋಡು ಎಂದೋ ಕೊಟ್ಟಿದೆ. ಅಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್, 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾರ ಚಿತ್ರಗಳು ಅಡಿಕೆ ತೋಟಗಳ ನಡುವಿನ ಆ ಹಳ್ಳಿಗೆ ಬಂದವು. ಪುಣೆಯ ಸತೀಶ್ ಬಹಾದುರ್, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಅಂಥವರು ಇದಕ್ಕೆ ಒತ್ತಾಸೆಯಾಗಿ ನಿಂತರು. ಬೆಳೆಗಾರರು, ಕೂಲಿಯವರು, ಶಾಲೆಯ ಮಕ್ಕಳು ತಮಗೆ ತಿಳಿಯದ ಭಾಷೆಯ ಚಿತ್ರಗಳನ್ನು ನೋಡಿದರು, ನೋಡಿದ ಮೇಲೆ ಕೂತು ಮಾತಾಡಿದರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾಟಕದ ಜೊತೆಗೆ ಈ ಕೆಲಸವನ್ನೂ ಎತ್ತಿ ಹೇಳಲಾಯಿತು. ಡಿ ಸಿಕಾರ ಚಿತ್ರದಲ್ಲಿ ಸೈಕಲ್ ಕಳಕೊಂಡವನ ಬವಣೆಯನ್ನು ತಿಳಿಯಲು ಇಟಾಲಿಯನ್ ಬರಬೇಕಿಲ್ಲ. ಅದನ್ನು ತಿಳಿದವರ ನಡುವೆ ಕೂತಿದ್ದರೆ ಸಾಕು. ರುಚಿ ಎಂಬುದು ಪೇಟೆಯಲ್ಲಿ ಹುಟ್ಟಿ ಹಳ್ಳಿಗೆ ಇಳಿಯುವಂಥದು ಎಂಬ ನಂಬಿಕೆಯನ್ನು ಹೆಗ್ಗೋಡು ಮುರಿಯಿತು.

ಮೇಲುಕೋಟೆಯಿರುವ ಮಂಡ್ಯ ಸೀಮೆಯ ನಿದರ್ಶನ ಇನ್ನೂ ಹತ್ತಿರದ್ದು. ರಾಮ್ ರೆಡ್ಡಿ ನಿರ್ದೇಶಿಸಿದ 'ತಿಥಿ' ಇದೇ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಎಂದೂ ನಟಿಸದಿದ್ದ ಊರಿನವರನ್ನೇ ಇಟ್ಟುಕೊಂಡು ತೆಗೆದ ಚಿತ್ರ. 2015ರ ಲೊಕಾರ್ನೋ ಉತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿಗಳು ಬಂದವು; ಕರ್ನಾಟಕದಲ್ಲಿ ಬಿಡುಗಡೆಯಾದದ್ದು 2016ರಲ್ಲಿ. ಸ್ವಿಟ್ಜರ್‌ಲೆಂಡಿನ ಸರೋವರದ ದಂಡೆಯ ಒಂದು ಸಣ್ಣ ಊರು ಮಂಡ್ಯದ ಮುಖಗಳನ್ನು ಮಂಡ್ಯಕ್ಕಿಂತ ಮೊದಲು ಕೂಡಿ ನೋಡಿತು. ಬೀದಿಬದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈಯುತ್ತಿದ್ದ ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ಕಾರ್ಯಕ್ಕೆ ಊರಿಗೆಲ್ಲ ಬಾಡೂಟ ಹಾಕಬೇಕು. ಜಮೀನನ್ನು ಮಾರಲು ಹೊರಟ ಮೊಮ್ಮಗ ತಮ್ಮಣ್ಣ, ಬದುಕಿರುವ ಅಪ್ಪ ಗಡ್ಡಪ್ಪನನ್ನು ಕಾಗದದ ಮೇಲೆ ಸಾಯಿಸಲು ಮರಣ ಪ್ರಮಾಣಪತ್ರದ ಹಿಂದೆ ಬೀಳುತ್ತಾನೆ. ಪೌತಿ ಖಾತೆಗೆ ಕಚೇರಿಯಿಂದ ಕಚೇರಿಗೆ ಅಲೆದವರು ಈ ದೃಶ್ಯಕ್ಕೆ ಒಂಟಿಯಾಗಿ ನಕ್ಕರೆ ಅದು ತಮಾಷೆ. ಅಣ್ಣತಮ್ಮಂದಿರು, ದಾಯಾದಿಗಳು, ಸಾಲ ಕೊಟ್ಟವರು ಒಂದೇ ಮಂದಿರದಲ್ಲಿ ಕೂತು ನಕ್ಕರೆ ಅದು ಒಪ್ಪಿಗೆ. ಚಿತ್ರದ ವಸ್ತುವೇ ಈ ವಾದವನ್ನು ಬೆಂಬಲಿಸುತ್ತದೆ: ತಿಥಿಯಲ್ಲಿ ಊರು ಪಂಕ್ತಿಯಲ್ಲಿ ಕೂತು ಉಂಡಾಗಲೇ ಮನೆಯ ಸಾವು ಊರಿನ ಸಾವಾಗುವುದು. ಜೊತೆಗೆ, ಆ ಪಂಕ್ತಿಯ ಗೊಡವೆಯೇ ಬೇಡವೆಂದು ಅಲೆಯುತ್ತ ಕುರಿಗಾಹಿಗಳ ಜೊತೆ ಸೇರಿಕೊಳ್ಳುವ ಗಡ್ಡಪ್ಪನೇ ಅಲ್ಲಿ ಎಲ್ಲರಿಗಿಂತ ಬಿಡುಗಡೆ ಹೊಂದಿದವನು ಎಂಬುದನ್ನೂ ಚಿತ್ರ ಮರೆಮಾಚುವುದಿಲ್ಲ. ಕೂಡಿ ನೋಡುವುದಕ್ಕೆ ಬೆಲೆಯಿದೆ ಎಂದರೆ ಒಂಟಿಯಾಗಿ ಎದ್ದು ಹೋಗುವ ಹಕ್ಕಿಲ್ಲ ಎಂದಲ್ಲ.

ಈ ಎಚ್ಚರಿಕೆ ಯಾಕೆ ಬೇಕೆಂದರೆ, ಕೂಡಿ ನೋಡುವುದೆಲ್ಲ ಒಳ್ಳೆಯದೆನ್ನಲು ಬಾರದು. ನಾಯಕನ ಕಟೌಟಿಗೆ ಹಾಲೆರೆಯುವುದೂ ಕೂಡಿಯೇ, ತೆರೆಯ ಮೇಲೆ ಒಂದು ಜನವರ್ಗವನ್ನು ಹಗೆಯಾಗಿ ತೋರಿಸಿದಾಗ ಕೇಕೆ ಹಾಕುವುದೂ ಕೂಡಿಯೇ. ತನ್ಮಯತೆ ಗುಂಪಿನ ಅಮಲಾದರೆ ಅದು ಎಚ್ಚರವಲ್ಲ, ಹಲವರು ಒಟ್ಟಿಗೆ ಕಂಡ ಕೆಟ್ಟ ಕನಸು. ಈ ಆಕ್ಷೇಪಕ್ಕೆ ಉತ್ತರ ಹೇಳಲು ಮೇಲುಕೋಟೆಯಲ್ಲೇ 1905ರಲ್ಲಿ ಹುಟ್ಟಿದ ಕವಿ ಪು.ತಿ.ನ. ಅವರ ನೆರವು ಬೇಕು. ಕವಿಗೆ ಎರಡು ಗುಣಗಳಿರಬೇಕೆಂದು ಅವರು ಹೇಳಿದ್ದರು: ಭವನಿಮಜ್ಜನ ಚಾತುರ್ಯ ಒಂದು, ಲಘಿಮಾ ಕೌಶಲ ಇನ್ನೊಂದು. ಬದುಕಿನಲ್ಲಿ ಪೂರ್ತಿ ಮುಳುಗಲು ಬರಬೇಕು, ಮುಳುಗಿಯೂ ಹಗುರಾಗಿ ಮೇಲೇಳಲು ಬರಬೇಕು. ಪ್ರೇಕ್ಷಕನಿಗೂ ಈ ಎರಡೂ ಬೇಕು. ಅಬ್ಬರದ ಚಿತ್ರ ಮುಳುಗಿಸುತ್ತದೆ, ಏಳಲು ಬಿಡುವುದಿಲ್ಲ. ಸ್ವತಂತ್ರ ಚಿತ್ರಗಳಲ್ಲಿ ಒಳ್ಳೆಯವು ತಮ್ಮ ನಿಧಾನದಿಂದ, ತೀರ್ಪು ಕೊಡದ ಮುಕ್ತಾಯದಿಂದ, ನೋಡುವವನಿಗೆ ಏಳುವ ಜಾಗ ಬಿಡುತ್ತವೆ. ಚಿತ್ರ ಮುಗಿದ ಮೇಲಿನ ಮಾತುಕತೆ ಆ ಜಾಗವನ್ನು ಇನ್ನಷ್ಟು ಅಗಲ ಮಾಡುತ್ತದೆ. ಚಿತ್ರದಷ್ಟೇ ಹೊತ್ತು ಚರ್ಚೆಗೂ ಇಡದ ಉತ್ಸವ ಅರ್ಧ ಕೆಲಸವನ್ನಷ್ಟೇ ಮಾಡಿದಂತೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಹರಿತವಾದದ್ದು, ಅದೂ ಮೇಲುಕೋಟೆಯಿಂದಲೇ ಬರುತ್ತದೆ. ಅಲ್ಲಿನ ದೇವರಾದ ಚೆಲುವಪಿಳ್ಳೆಯ ಉತ್ಸವಮೂರ್ತಿಯನ್ನು ದೆಹಲಿಯಿಂದ ತರುವಾಗ ನೆರವಾದ ಅಸ್ಪೃಶ್ಯರನ್ನು ರಾಮಾನುಜರು ತಿರುಕುಲದವರೆಂದು ಕರೆದು, ವರ್ಷಕ್ಕೆ ಮೂರು ದಿನ ದೇವಾಲಯ ಪ್ರವೇಶ ಕೊಟ್ಟರೆಂದು ಸಂಪ್ರದಾಯ ಹೇಳುತ್ತದೆ. ಆ ಕಾಲಕ್ಕೆ ಅದು ದೊಡ್ಡ ಮಾತು. ಆದರೆ ಮೂರು ದಿನದ ಹಕ್ಕು ಉಳಿದ ದಿನಗಳ ನಿಷೇಧಕ್ಕೆ ಮುದ್ರೆಯೂ ಆಯಿತು. ಜಗತ್ತೆಲ್ಲ ಭಗವಂತನ ಶರೀರವೆಂದ ಸಿದ್ಧಾಂತ ಬಾಗಿಲ ಬಳಿ ಶತಮಾನಗಳ ಕಾಲ ನಿಂತುಬಿಟ್ಟಿತು. ಚಿತ್ರಮಂದಿರದ ಚರಿತ್ರೆಯೂ ಇದರಿಂದ ಹೊರತಲ್ಲ. ನೆಲ, ಬೆಂಚು, ಕುರ್ಚಿ, ಬಾಲ್ಕನಿ ಎಂದು ಟಿಕೆಟ್ಟಿನ ದರ ಜನರನ್ನು ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿತು. ಅಗ್ಗದ ಗಾಂಧಿ ಕ್ಲಾಸಿನವನು ತೆರೆಗೆ ಹತ್ತಿರ, ಆದರೆ ಕತ್ತೆತ್ತಿ ನೋಡಬೇಕು. ಹಾಗಾದರೆ ಮೂರು ದಿನದ ಚಿತ್ರೋತ್ಸವವೂ ಅಂಥದೇ ಒಂದು ಅನುಗ್ರಹದ ಪ್ರವೇಶವಲ್ಲವೇ?

ಹೌದು, ಉತ್ಸವ ಅಷ್ಟಕ್ಕೇ ನಿಂತರೆ ಅದು ಅಂಥದೇ. ಆದರೆ ಈ ಆಕ್ಷೇಪ ಉತ್ಸವವನ್ನು ತಳ್ಳಿಹಾಕುವುದಿಲ್ಲ, ಅದಕ್ಕೆ ಅಳತೆಗೋಲು ಕೊಡುತ್ತದೆ. ಬಾಲ್ಕನಿಗೂ ಗಾಂಧಿ ಕ್ಲಾಸಿಗೂ ಒಂದೇ ಬೆಳಕು ಬಿದ್ದಿತ್ತು, ಒಂದೇ ದೃಶ್ಯಕ್ಕೆ ಎರಡೂ ಕಡೆ ಗಂಟಲು ಕಟ್ಟಿತ್ತು ಎಂಬುದು ನಿಜವಾದರೆ, ದರದ ಮೆಟ್ಟಿಲು ನೋಟದ ಸ್ವಭಾವದ್ದಲ್ಲ, ವ್ಯವಹಾರದ್ದು, ಅದನ್ನು ತೆಗೆಯಬಹುದು. ಹೆಗ್ಗೋಡಿನ ಕೆಲಸ ಫಲಿಸಿದ್ದಕ್ಕೆ ಕಾರಣ ಅದರ ಹಿಂದೆ ವರ್ಷವಿಡೀ ಬದುಕಿದ್ದ ಒಂದು ಸಮಾಜವಿದ್ದದ್ದು. ಉತ್ಸವ ಆ ಸಮಾಜದ ಹಬ್ಬವಾಗಿತ್ತು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದಂಥ ಊರುಗಳಲ್ಲಿ ಯಾರಾದರೂ ಇಂಥ ಉತ್ಸವಕ್ಕೆ ಕೈಹಾಕಿದರೆ ಕೇಳಬೇಕಾದ ಪ್ರಶ್ನೆಗಳು ಇವು: ಎಲ್ಲ ಸೀಟಿಗೂ ಒಂದೇ ದರವೇ? ಗದ್ದೆ ಕೆಲಸ ಮುಗಿಸಿ ಬರುವವರಿಗೂ ಒದಗುವ ಹೊತ್ತಿನಲ್ಲಿ ಆಟವಿದೆಯೇ? ಚರ್ಚೆಯಲ್ಲಿ ಅತಿಥಿಗಳಷ್ಟೇ ಅಲ್ಲದೆ ಹೆಂಗಸರು, ಕೇರಿಯವರೂ ಮಾತಾಡಿದರೇ? ಉತ್ಸವ ಮುಗಿದ ಮುಂದಿನ ತಿಂಗಳು ಅದೇ ತೆರೆಯ ಮೇಲೆ ಇನ್ನೊಂದು ಚಿತ್ರ ಬಂತೇ? ಇವಕ್ಕೆ ಹೌದೆಂಬ ಉತ್ತರ ಸಿಗುವ ಕಡೆ ಹಳೇ ಚಿತ್ರಮಂದಿರವನ್ನು ಉಳಿಸುವುದು ಧರ್ಮದ ಕೆಲಸ. ಸಿಗದ ಕಡೆ ಅದು ಕಟ್ಟಡ ರಿಪೇರಿ ಮಾತ್ರ.