ಕೊನೆಯ ಅರ್ಧ ಗಂಟೆಯ ಬೆಳಕು

ಅಮೆರಿಕದಲ್ಲಿ ಹಳೆಯ ಬೇಟೆಗಾರರಿಬ್ಬರು ರೈಫಲ್ ವಿಷಯ ಎತ್ತಿದರೆ ಮಾತು ಬೇಗನೆ 1964ಕ್ಕೆ ಬಂದು ನಿಲ್ಲುತ್ತದೆ. 1936ರಲ್ಲಿ ಬಂದಿದ್ದ ಮಾಡೆಲ್ 70 ಎಂಬ ಬೋಲ್ಟ್ ಆ್ಯಕ್ಷನ್ ರೈಫಲನ್ನು ವಿಂಚೆಸ್ಟರ್ ಕಂಪನಿ ಆ ವರ್ಷ ಅಗ್ಗದಲ್ಲಿ ತಯಾರಿಸಲು ಹೊರಟಿತು. ಜನರಿಗೆ ಸಿಟ್ಟು ಬರಿಸಿದ ಬದಲಾವಣೆಗಳಲ್ಲಿ ಮುಖ್ಯವಾದದ್ದು ಬೋಲ್ಟಿನ ಪಕ್ಕದಲ್ಲಿ ಉದ್ದಕ್ಕೆ ಇದ್ದ ಉಕ್ಕಿನ ಕೊಕ್ಕೆ ಮಾಯವಾದದ್ದು. ಅದು ಜರ್ಮನಿಯ ಮೌಸರ್ ರೈಫಲ್ಲಿನಿಂದ ಬಂದ ಬಳುವಳಿ. ಮ್ಯಾಗಝೀನಿನಿಂದ ಮೇಲೇಳುವ ತೋಟಾದ ಅಂಚನ್ನು ಆ ಕೊಕ್ಕೆ ಹಿಡಿದರೆ, ಖಾಲಿ ಕೋಶ ಹೊರಬೀಳುವವರೆಗೂ ಬಿಡುವುದಿಲ್ಲ. ಹೊಸ ಬೋಲ್ಟು ತೋಟಾವನ್ನು ಸುಮ್ಮನೆ ಮುಂದಕ್ಕೆ ತಳ್ಳುತ್ತಿತ್ತು.

ಕಾಗದದ ಗುರಿಗೆ ಇದರಿಂದ ಏನೂ ನಷ್ಟವಿಲ್ಲ. 1962ರ ರೆಮಿಂಗ್ಟನ್ 700 ಕೂಡ ಹೀಗೆ ತಳ್ಳುವ ಜಾತಿಯದೇ, ನಿಖರತೆಗೆ ಹೆಸರಾದದ್ದು. ಆದರೂ ‘64ಕ್ಕೆ ಮುಂಚಿನದು’ ಎಂದರೆ ಸಾಕು, ಹಳೆಯ ಮಾಡೆಲ್ 70ರ ಬೆಲೆ ಏರತೊಡಗಿತು. 1990ರ ದಶಕದಲ್ಲಿ ಕಂಪನಿಯೇ ಕೊಕ್ಕೆಯನ್ನು ವಾಪಸು ತಂದಿತು.

ಇದರಲ್ಲಿ ಹಳತರ ಮೇಲಿನ ಮೋಹವೂ ಒಂದಿಷ್ಟು ಇತ್ತೆನ್ನಿ. ಆದರೆ ಸಿಟ್ಟಿಗೆ ಕಾರಣವೂ ಇತ್ತು. ಗಾಬರಿಯಲ್ಲಿ ಬೋಲ್ಟನ್ನು ಪೂರ್ತಿ ಮುಚ್ಚದೆ ಹಿಂದಕ್ಕೆಳೆದು ಮತ್ತೆ ತಳ್ಳಿದರೆ, ಕೊಕ್ಕೆಯಿಲ್ಲದ ರೈಫಲ್ಲಿನಲ್ಲಿ ಮೊದಲ ತೋಟಾ ಒಳಗೇ ಉಳಿದು ಎರಡನೆಯದು ಅದರ ಬೆನ್ನಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಎದುರಿಗಿದ್ದದ್ದು ಜಿಂಕೆಯಾದರೆ ಓಡಿಹೋಗುತ್ತದೆ, ಅಷ್ಟೇ. ಕರಡಿಯಾದರೆ ಓಡಬೇಕಾದವರು ಬೇರೆ.

ಬೇಟೆಗಾರ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣು ಹುಲಿಯನ್ನು ಕೊಂದದ್ದಕ್ಕೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಕೊಡಿಸಿದ .275 ರಿಗ್ಬಿ ರೈಫಲ್ ಇದೇ ಮೌಸರ್ ವಂಶದ್ದು. 1930ರಲ್ಲಿ ಚೌಗಢದ ಹುಲಿ ಎಂಟೇ ಅಡಿ ದೂರದಲ್ಲಿ ಎದುರಾದಾಗ ಅವರ ಎಡಗೈಯಲ್ಲಿ ಹಕ್ಕಿಯ ಮೊಟ್ಟೆಗಳಿದ್ದವು. ಬಲಗೈಯೊಂದರಲ್ಲೇ ರೈಫಲನ್ನು ನಿಧಾನವಾಗಿ ತಿರುಗಿಸಿ ಈಡು ಹೊಡೆದರು. ಅವರ ಬಳಿ ಭಾರದ ಜೋಡುನಳಿಗೆ ರೈಫಲ್ಲೂ ಇತ್ತು. ಹುಲಿಗೆ ಯಾವುದು ಮೇಲು ಎಂದು ಪುಸ್ತಕ ನೋಡಿ ಹೇಳುವುದಾದರೆ ಅದೇ ಮೇಲು. ಆದರೆ ಒಂದು ಕೈಯಲ್ಲಿ ಅದನ್ನು ಹಾಗೆ ತಿರುಗಿಸಲು ಆಗುತ್ತಿತ್ತೇ ಎಂಬುದು ಯಾವ ಹೋಲಿಕೆಯ ಪಟ್ಟಿಯಲ್ಲೂ ಇರುವುದಿಲ್ಲ.

ಪಟ್ಟಿಯಲ್ಲಿರುವುದು ನೂರು ಗಜದಲ್ಲಿ ಒಂದಿಂಚು. ಮರಳುಚೀಲದ ಮೇಲೆ ನಳಿಗೆಯಿಟ್ಟು, ನಡುಹಗಲಲ್ಲಿ, ಕುರ್ಚಿಯ ಮೇಲೆ ಕೂತು ಹೊಡೆದ ಮೂರು ಗುಂಡು ಒಂದಿಂಚಿನೊಳಗೆ ಬಿದ್ದರೆ ಒಳ್ಳೆಯ ರೈಫಲ್. ಅದೇ ಮನುಷ್ಯ ಗುಡ್ಡ ಹತ್ತಿ ಏದುಸಿರು ಬಿಡುತ್ತಾ ನಿಂತು ಹೊಡೆದರೆ ಆ ಇಂಚು ಎಷ್ಟಗಲವಾಗುತ್ತದೆ ಎಂಬುದನ್ನು ಮಾರುವವರೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ.

ಗುರಿ ನೋಡಲು ರೈಫಲ್ ಮೇಲೆ ಕೂರಿಸುವ ಸ್ಕೋಪಿನ ವಿಷಯದಲ್ಲಿ ಈ ಮರೆವು ಇನ್ನೂ ಹೆಚ್ಚು. ಅಂಗಡಿಯ ಟ್ಯೂಬ್‌ಲೈಟಿನಡಿ ಎಲ್ಲ ಸ್ಕೋಪೂ ಚೆನ್ನಾಗಿಯೇ ಕಾಣುತ್ತವೆ, ಹಾಗಾಗಿ ಜನ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ಕೇಳುತ್ತಾರೆ. ಜಿಂಕೆ ಬಯಲಿಗೆ ಬರುವುದು ಮಬ್ಬುಗತ್ತಲಲ್ಲಿ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸೂರ್ಯ ಮುಳುಗಿದ ಅರ್ಧ ಗಂಟೆಗೆ ಅದರ ಬೇಟೆ ಬಂದ್. ಆ ಅರ್ಧ ಗಂಟೆಯ ಲೆಕ್ಕ ಸರಳ: ಮುಂದಿನ ಗಾಜಿನ ಅಗಲವನ್ನು ಎಷ್ಟು ಪಟ್ಟು ಎಂಬುದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಗಾತ್ರ ಸಿಗುತ್ತದೆ. 40 ಮಿಲಿಮೀಟರ್ ಗಾಜಿನ ಸ್ಕೋಪನ್ನು 9 ಪಟ್ಟಿಗೆ ತಿರುಗಿಸಿದರೆ ಅದು ನಾಲ್ಕೂವರೆ ಮಿಲಿಮೀಟರಿಗೂ ಕಡಿಮೆ. ಕತ್ತಲಲ್ಲಿ ಎಳೆಯ ಕಣ್ಣಿನ ಪಾಪೆ ಸುಮಾರು 7ಕ್ಕೆ ಅರಳುತ್ತದೆ. ಹೆಚ್ಚು ದೊಡ್ಡದಾಗಿ ನೋಡಲು ಹೋದವನಿಗೆ ಕೊಂಬು ಯಾವುದು ಕೊಂಬೆ ಯಾವುದು ತಿಳಿಯದು. 32ರ ಗಾಜಿನ, ನಾಲ್ಕೇ ಪಟ್ಟಿನ ಹಳೆಯ ಸ್ಕೋಪು 8 ಮಿಲಿಮೀಟರ್ ಬಿಲ್ಲೆ ಕೊಡುತ್ತದೆ. ತಾತಂದಿರು ಅದನ್ನು ಬಿಟ್ಟುಕೊಡದಿದ್ದದ್ದು ಬರೀ ಜಿಪುಣತನದಿಂದಲ್ಲ. ಅಮೆರಿಕದ ಒರೆಗಾನ್ ರಾಜ್ಯದ ಲ್ಯೂಪೋಲ್ಡ್ ಕಂಪನಿ ಸ್ಕೋಪಿಗೆ ಕೈಹಾಕಿದ್ದೇ ಮಾರ್ಕಸ್ ಲ್ಯೂಪೋಲ್ಡ್ ಎಂಬಾತನ ಸ್ಕೋಪಿಗೆ ಮಂಜು ಕಟ್ಟಿ ಜಿಂಕೆ ತಪ್ಪಿದ್ದಕ್ಕೆ. ಒರೆಗಾನಿನ ಮಳೆಗಾಡು ಹೇಳಿದ್ದನ್ನು ಅಂಗಡಿಯ ಗಾಜಿನ ಕಪಾಟು ಹೇಳಿರಲಿಲ್ಲ.

ನಮ್ಮಲ್ಲಿ ಈ ಚರ್ಚೆಗೆ ಕಾಡೇ ಇಲ್ಲ. 1972ರ ವನ್ಯಜೀವಿ ಕಾಯ್ದೆ ಶಿಕಾರಿಯನ್ನು ಮುಗಿಸಿತು, ಮುಗಿಸಿದ್ದು ಒಳ್ಳೆಯದೇ. 2019ರ ತಿದ್ದುಪಡಿಯ ಮೇಲೆ ಸಾಮಾನ್ಯ ಲೈಸೆನ್ಸುದಾರ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತೆಯೂ ಇಲ್ಲ. ಕೊಡಗಿನಲ್ಲಿ ಮಾತ್ರ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ ಮಾಡಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಮರಳುಚೀಲವಿಲ್ಲ, ಕುರ್ಚಿಯಿಲ್ಲ, ಕತ್ತೆತ್ತಿ ನಿಂತು ಹೊಡೆಯಬೇಕು, ಸುತ್ತ ನೆಂಟರಿಷ್ಟರು ನೋಡುತ್ತಿರುತ್ತಾರೆ. ಒಂದಿಂಚಿನ ಬಡಾಯಿ ಕೊಚ್ಚುವ ರೈಫಲ್ ಅಂಗಡಿಗಳು ಹಿತ್ತಲಲ್ಲೊಂದು ಕಾಯಿ ಕಟ್ಟಿಸಿದರೆ, ಗಿರಾಕಿ ದುಬಾರಿ ಸ್ಕೋಪನ್ನು ಅಲ್ಲೇ ಬಿಟ್ಟು ಎರಡು ಡಬ್ಬಿ ತೋಟಾ ಹೆಚ್ಚಿಗೆ ಕೊಂಡುಕೊಂಡು ಹೋದಾನು.